ಅವರ ಹೆಸರಿಗೆ ಬರುವ ಪತ್ರ ಅವರಿಗೇ ಅರ್ಥವಾಗಲಿ: ವಿಕಲಚೇತನರ ಸಬಲೀಕರಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೌದ್ಧಿಕ ವಿಕಲತೆ (ಯೋಚಿಸುವ, ಕಲಿಯುವ, ದಿನನಿತ್ಯದ ಕೆಲಸ ನಿಭಾಯಿಸುವ ಶಕ್ತಿ ಬಾಲ್ಯದಿಂದಲೇ ಕಡಿಮೆ ಇರುವುದು) ಇರುವವರ ಹೆಸರಿಗೆ ಸರ್ಕಾರದಿಂದ ಹೋಗುವ ಪತ್ರ, ನೋಟಿಸು, ಅರ್ಜಿ ನಮೂನೆಗಳು ಅವರೇ ಓದಿ ಅಥವಾ ಓದಿಸಿಕೊಂಡು ತಿಳಿಯಬಹುದಾದ ಸರಳ ಕನ್ನಡದಲ್ಲಿ, ಚಿತ್ರಗಳ ಸಮೇತ ಇರಬೇಕು. ಇದನ್ನು ಕೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಾನು ತಾಲ್ಲೂಕು ಕೇಂದ್ರವೊಂದರ ವಿಶೇಷ ಶಾಲೆಯ ಶಿಕ್ಷಕಿ. ಓದು-ಬರಹವಷ್ಟೇ ಕಷ್ಟವಾಗುವ ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆಯೇ ಬೇರೆ, ಬೌದ್ಧಿಕ ವಿಕಲತೆಯೇ ಬೇರೆ. ನಾನಿಲ್ಲಿ ಹೇಳುತ್ತಿರುವುದು ಎರಡನೆಯ ಗುಂಪಿನವರ ಬಗ್ಗೆ. 2011ರ ಜನಗಣತಿ ಕರ್ನಾಟಕದಲ್ಲಿ ಅಂಥವರು 93,974 ಮಂದಿ ಎಂದು ಲೆಕ್ಕ ಹಾಕಿದೆ. ಬಹುವಿಧ ಅಂಗವೈಕಲ್ಯದ ಲಕ್ಷಕ್ಕೂ ಮಿಕ್ಕ ಜನರು ಆ ಲೆಕ್ಕದಿಂದ ಹೊರಗಿದ್ದಾರೆ. ಹಳ್ಳಿಗಳಲ್ಲಿ ಮನೆಮನೆ ತಿರುಗುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಈ ಸಂಖ್ಯೆ ಏನೇನೂ ಸಾಲದು ಎನ್ನುತ್ತಾರೆ.

ನಮ್ಮ ಶಾಲೆಯಲ್ಲಿ ಕಲಿತ ಹೆಣ್ಣುಮಗಳೊಬ್ಬಳು ಈಗ ಊದುಬತ್ತಿ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಾಳೆ. ಬಸ್ಸಿನ ಬೋರ್ಡು ಓದುತ್ತಾಳೆ, ಸಂಬಳದ ನೋಟು ಎಣಿಸಿಕೊಳ್ಳುತ್ತಾಳೆ, ದಿನಸಿ ಚೀಟಿಯನ್ನು ತಾನೇ ಬರೆಯುತ್ತಾಳೆ. ಅವಳಿಗೆ ಕಚೇರಿಯೊಂದರಿಂದ ನೋಟಿಸು ಬಂತು. ಅದರಲ್ಲಿ ಹೀಗಿತ್ತು: ‘ತಾವು ಸಲ್ಲಿಸಿರುವ ದಾಖಲಾತಿಗಳು ಅಪೂರ್ಣವಾಗಿರುವುದರಿಂದ ಸದರಿ ಮಾಸಾಶನವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದ್ದು, ಈ ನೋಟಿಸು ತಲುಪಿದ ಹದಿನೈದು ದಿನಗಳೊಳಗಾಗಿ ಅಗತ್ಯ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು.’ ತನ್ನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು ಅವಳು ಸ್ಪಷ್ಟವಾಗಿ ಓದಿದಳು. ಮುಂದಿನ ಸಾಲಿನಲ್ಲಿ ಬೆರಳು ನಿಂತಿತು. ಹಾಳೆ ತಿರುವಿ ಹಿಂಬದಿ ನೋಡಿ, ‘ಮಿಸ್, ನನ್ನನ್ನು ಬೈದಿದ್ದಾರಾ?’ ಎಂದು ಕೇಳಿದಳು.

ಇಬ್ಬರೂ ಕುಳಿತು ಅರ್ಧ ಹಾಳೆಯಲ್ಲಿ ಅದನ್ನೇ ಬೇರೆ ರೀತಿಯಲ್ಲಿ ಬರೆದೆವು. ನಿಮ್ಮ ಮಾಸಾಶನದ ಹಣ ನಿಂತಿದೆ. ಆಧಾರ್ ಕಾರ್ಡ್ ತನ್ನಿ. ಬ್ಯಾಂಕ್ ಪಾಸ್‌ಬುಕ್ ತನ್ನಿ. ಜೂನ್ 15, ಸೋಮವಾರದ ಒಳಗೆ ನಮ್ಮ ಕಚೇರಿಗೆ ಬನ್ನಿ. ಆಮೇಲೆ ಹಣ ಮತ್ತೆ ಬರುತ್ತದೆ. ಒಂದು ಸಾಲಿಗೆ ಒಂದೇ ಮಾತು. ಆಧಾರ್ ಮತ್ತು ಪಾಸ್‌ಬುಕ್ ಸಾಲುಗಳ ಪಕ್ಕದಲ್ಲಿ ಅವುಗಳ ಫೋಟೊ. ಅವಳು ಪೂರ್ತಿ ಓದಿದಳು. ‘ಸೋಮವಾರದ ಒಳಗೆ’ ಎಂಬಲ್ಲಿ ಮಾತ್ರ ತಡೆದು, ‘ಹಾಗಾದರೆ ಯಾವತ್ತು ಹೋಗಬೇಕು?’ ಎಂದಳು. ಅದನ್ನು ‘ಸೋಮವಾರ ಬೆಳಿಗ್ಗೆ ಬನ್ನಿ’ ಎಂದು ಮಾಡಿದ ಮೇಲೆ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಹೇಳಿದ ದಿನ ತಾಯಿಯ ಜೊತೆ ಕಚೇರಿಗೆ ಹೋಗಿ, ಎರಡೂ ದಾಖಲೆಗಳನ್ನು ತಾನೇ ಮೇಜಿನ ಮೇಲಿಟ್ಟಳು. ಮೇಜಿನ ಆಚೆ ಇದ್ದವರು ಮಾತನಾಡಿದ್ದೆಲ್ಲ ತಾಯಿಯ ಜೊತೆಗೆ.

ಸಚಿವರೇ, ಸರಳ ಪತ್ರ ಒಂದು ಉಪಕಾರವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಂವಹನ ಎಂದರೇನು ಎಂದು ವಿವರಿಸುವಾಗ ಬ್ರೈಲ್ ಮತ್ತು ಸಂಜ್ಞಾ ಭಾಷೆಯ ಜೊತೆಗೇ ಸರಳ ಭಾಷೆಯನ್ನು, ಓದಿ ಹೇಳುವ ವ್ಯಕ್ತಿಯನ್ನು, ಚಿತ್ರದ ಮೇಲೆ ಬೆರಳಿಟ್ಟು ಮಾತು ತಿಳಿಸುವ ಚಿತ್ರಫಲಕದಂತಹ ಪರ್ಯಾಯ ವಿಧಾನಗಳನ್ನು ಸೇರಿಸಿದೆ. ಮುದ್ರಿತ ಮತ್ತು ಎಲೆಕ್ಟ್ರಾನಿಕ್ ಮಾಹಿತಿ ಎಲ್ಲರೂ ಬಳಸಬಹುದಾದ ರೂಪದಲ್ಲಿರಬೇಕು ಎಂದು 42ನೇ ಕಲಂ ಹೇಳುತ್ತದೆ. ತಮ್ಮ ಹಣಕಾಸು ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಹಕ್ಕು 13ನೇ ಕಲಂನಲ್ಲಿದೆ. ಏನು ಬರೆದಿದೆ ಎಂದೇ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಹಕ್ಕು ಎಲ್ಲಿ ಉಳಿಯಿತು? 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರೂ ಬಳಸುವಂತಿರಬೇಕೆಂಬ ಇಂತಹ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಇಷ್ಟಾದರೂ ನಮ್ಮಲ್ಲಿ ಈ ವಿಷಯ ಬಂದಾಗಲೆಲ್ಲ ಮಾತು ಇಳಿಜಾರು ದಾರಿ, ಲಿಫ್ಟ್, ಶೌಚಾಲಯಗಳಲ್ಲೇ ಮುಗಿಯುತ್ತದೆ. ಅವೆಲ್ಲ ಬೇಕೇ ಬೇಕು. ಕಚೇರಿಯ ಒಳಗೆ ಬಂದ ಮೇಲೆ ಕೈಗೆ ಕೊಡುವ ಕಾಗದದ ಬಗ್ಗೆಯೂ ಅಷ್ಟೇ ಕಾಳಜಿ ಬೇಕು.

ಓದಲು ಬಾರದವರನ್ನು ಗಮನದಲ್ಲಿಟ್ಟು ವ್ಯವಸ್ಥೆ ರೂಪಿಸುವುದು ನಮ್ಮ ದೇಶಕ್ಕೆ ಹೊಸದೇನಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲೇ ಪಕ್ಷಗಳಿಗೆ ಚಿಹ್ನೆ ಕೊಟ್ಟು, ಅಕ್ಷರ ಬಾರದ ಕೋಟ್ಯಂತರ ಜನ ತಮ್ಮ ಮತವನ್ನು ತಾವೇ ಹಾಕುವಂತೆ ಮಾಡಿದೆವು. 2015ರಿಂದ ಮತಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರವೂ ಇದೆ. ಮತ ಕೇಳುವಾಗ ಇರುವ ಈ ಎಚ್ಚರ ಮಾಸಾಶನದ ನೋಟಿಸು ಬರೆಯುವಾಗ ಏಕಿರಬಾರದು?

ಕನ್ನಡದಲ್ಲಿ ಈ ಕೆಲಸಕ್ಕೆ ಅದರದೇ ಕಷ್ಟಗಳಿವೆ. ಇಂಗ್ಲಿಷಿನ ಸರಳ ಬರವಣಿಗೆಯ ನಿಯಮಗಳನ್ನು ಹಾಗೆಯೇ ತಂದು ಇಲ್ಲಿ ಕೂರಿಸಲಾಗದು. ನಮ್ಮಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತದೆ, ಸಂಧಿಯಾಗುತ್ತದೆ, ಒತ್ತಕ್ಷರದ ಮೇಲೆ ಒತ್ತಕ್ಷರ ಬರುತ್ತದೆ. ‘ದಿನಗಳೊಳಗಾಗಿ’ ಎಂಬುದನ್ನು ನನ್ನ ವಿದ್ಯಾರ್ಥಿಗಳು ಬಿಡಿಸಿ ಓದುವಷ್ಟರಲ್ಲಿ ವಾಕ್ಯದ ಆರಂಭವೇ ಮರೆತಿರುತ್ತದೆ. ‘ಜರುಗಿಸಲಾಗುವುದು’ ಎಂದರೆ ಯಾರು, ಏನು ಮಾಡುತ್ತಾರೆ ಎಂಬುದು ಅವರಿಗೆ ತಿಳಿಯುವುದಿಲ್ಲ. ‘ನಾವು ಹಣ ಕೊಡುವುದಿಲ್ಲ’ ಎಂದರೆ ತಿಳಿಯುತ್ತದೆ. ಇಂಥ ದಿನದಿಂದ ಇಷ್ಟು ದಿನ ಎಂದು ಎಣಿಸಲು ಹೇಳುವುದಕ್ಕಿಂತ ತಾರೀಖನ್ನೂ ವಾರವನ್ನೂ ನೇರವಾಗಿ ಬರೆಯಬೇಕು. ವ್ಯಂಗ್ಯಚಿತ್ರದಂತಹ ಗೊಂಬೆ ಚಿತ್ರಗಳು ಬೇಡ, ನಿಜವಾದ ವಸ್ತುವಿನ ಫೋಟೊ ಇರಲಿ. ಮೂವತ್ತು ವರ್ಷದವರಿಗೆ ಶಿಶುವಿಹಾರದ ಪುಸ್ತಕದಂತಹ ಹಾಳೆ ಕೊಡುವುದು ಅವಮಾನ. ಮಾತೇ ಬಾರದವರಿಗೆ ಚಿತ್ರಫಲಕ ಬೇಕು. ಈ ನಿಯಮಗಳನ್ನು ರೂಪಿಸಬಲ್ಲ ಪರಿಣತರು ರಾಜ್ಯದಲ್ಲೇ ಇದ್ದಾರೆ: ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ, ಆಡಳಿತ ಕನ್ನಡಕ್ಕಾಗಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಇದೆ.

ಆದರೆ ಪರಿಣತರಷ್ಟೇ ಕುಳಿತು ಬರೆದರೆ ಸಾಲದು. ‘ಒಳಗೆ’ ಎಂಬ ಪದದಲ್ಲಿ ತೊಡಕಿದೆ ಎಂದು ಕಂಡುಹಿಡಿದವಳು ಆ ಹೆಣ್ಣುಮಗಳು. ಬೌದ್ಧಿಕ ವಿಕಲತೆ ಇರುವವರೇ ಓದಿ, ಅರ್ಥವಾಯಿತು ಎಂದು ಒಪ್ಪಿದ ಮೇಲೆ ಹಾಳೆ ಅಚ್ಚಿಗೆ ಹೋಗಬೇಕು. ಯುರೋಪಿನಲ್ಲಿ ಸುಲಭ ಓದಿನ ಮಾನದಂಡ ರೂಪಿಸಿದವರು ಈ ನಿಯಮದಲ್ಲಿ ರಾಜಿ ಮಾಡಿಕೊಂಡಿಲ್ಲ. ಹಾಗೆ ಓದಿಕೊಡುವುದು ಕೆಲಸ. ಅದಕ್ಕೆ ಸಂಭಾವನೆ ಕೊಡಬೇಕು.

‘ಮನೆಯವರು ಓದಿ ಹೇಳುತ್ತಾರಲ್ಲ’ ಎನ್ನುವ ಅಧಿಕಾರಿಗಳಿದ್ದಾರೆ. ಎಲ್ಲಿಯವರೆಗೆ? ನನ್ನ ಬಳಿ ಬರುವ ತಾಯಂದಿರು ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ತಾವು ಹೋದ ಮೇಲೆ ಏನು ಎಂಬುದನ್ನೇ. ಮನೆಯವರೇ ಮೋಸ ಮಾಡುವ ಮನೆಗಳೂ ಇವೆ. ಸರಳ ಪತ್ರದಿಂದ ವೃದ್ಧರಿಗೂ ಅಕ್ಷರ ಕಲಿಯುತ್ತಿರುವವರಿಗೂ ಅನುಕೂಲ ಎನ್ನುವುದು ನಿಜವೇ. ಆದರೆ ನನ್ನ ಬೇಡಿಕೆ ಅದರ ಆಸರೆಯಲ್ಲಿ ನಿಂತಿಲ್ಲ. ಬೇರೆ ಯಾರಿಗೂ ಉಪಯೋಗವಾಗದಿದ್ದರೂ ಇವರಿಗಾಗಿ ಇದು ಆಗಬೇಕು.

ಪೊಲೀಸ್ ಠಾಣೆಯ ಬಗ್ಗೆಯೂ ಒಂದು ಮಾತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬೌದ್ಧಿಕ ವಿಕಲತೆಯ ಮಹಿಳೆಯ ದೂರನ್ನು ವಿಶೇಷ ಶಿಕ್ಷಕರ ಅಥವಾ ದುಭಾಷಿಯ ನೆರವಿನಿಂದ, ಅವಳ ಮನೆಯಲ್ಲಿ ಅಥವಾ ಅವಳಿಗೆ ಅನುಕೂಲವಾದ ಜಾಗದಲ್ಲಿ ದಾಖಲಿಸಬೇಕೆಂದು ಕಾನೂನು ಹೇಳುತ್ತದೆ. ಪ್ರತಿ ಠಾಣೆಯಲ್ಲೂ ಒಂದು ಚಿತ್ರಫಲಕ, ಕರೆದರೆ ಬರಬಲ್ಲ ಶಿಕ್ಷಕರ ಒಂದು ಪಟ್ಟಿ ಇರುವಂತೆ ಗೃಹ ಇಲಾಖೆಯೊಂದಿಗೆ ತಾವು ಮಾತನಾಡಬೇಕು. ಮಾತು ಬಾರದ ಹುಡುಗಿಗೆ ಏನಾಯಿತೆಂದು ಹೇಳಲು ದಾರಿಯೇ ಇಲ್ಲದಿದ್ದರೆ ತಪ್ಪಿತಸ್ಥ ನಿರಾತಂಕವಾಗಿ ತಿರುಗಾಡುತ್ತಾನೆ.

ಎಲ್ಲವನ್ನೂ ಒಮ್ಮೆಲೇ ಕೇಳುತ್ತಿಲ್ಲ. ಮೊದಲು ಮೂರು ಕಾಗದ ಸಾಕು: ಮಾಸಾಶನದ ನೋಟಿಸು, ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಅರ್ಜಿ, ನಿರಾಮಯ ಆರೋಗ್ಯ ವಿಮೆಯ ಮಾಹಿತಿ ಹಾಳೆ. ಇವುಗಳ ಕರಡನ್ನು ಸಿದ್ಧಪಡಿಸಿ ಕಲಬುರಗಿ, ಧಾರವಾಡ, ಮಂಗಳೂರು, ಮೈಸೂರು ಕಡೆಯ ಬೌದ್ಧಿಕ ವಿಕಲತೆಯ ವಯಸ್ಕರಿಂದ ಓದಿಸಿ. ಒಂದು ಸೀಮೆಯ ಮಾತು ಇನ್ನೊಂದು ಸೀಮೆಯಲ್ಲಿ ತೊಡಕಾಗಬಹುದು. ಅವರು ತಿದ್ದಿದ್ದನ್ನು ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಕೈಗೆ ಕೊಡಿ. ಕಚೇರಿಯ ಸಿಬ್ಬಂದಿಗೆ ಪಕ್ಕದಲ್ಲಿರುವ ತಾಯಿಯನ್ನಲ್ಲ, ಎದುರಿಗಿರುವ ವ್ಯಕ್ತಿಯನ್ನು ನೋಡಿ ಮಾತನಾಡಬೇಕೆಂದು ಲಿಖಿತ ಸೂಚನೆ ಕೊಡಿ. ಕರಡು ಓದುವ ಕೆಲಸಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳು ಸಿದ್ಧರಿದ್ದಾರೆ. ರಜಾ ದಿನವಾದರೂ ಬರುತ್ತಾರೆ. ತಾರೀಖು ಮತ್ತು ವಾರ ಎರಡನ್ನೂ ತಿಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿಶೇಷ ಶಿಕ್ಷಕಿ