ಬ್ಯಾಸಿಂಗ್‌ಬೋರ್ನ್ ಫೋಟೊಗಳು: ಅಡಿಬರಹ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬ್ಯಾಸಿಂಗ್‌ಬೋರ್ನ್ ವಾಯುನೆಲೆಯಿಂದ ಬಿ-17 ಬಾಂಬರ್ ವಿಮಾನಗಳನ್ನು ಹಾರಿಸಿದ ಅಮೆರಿಕದ 91ನೇ ಬಾಂಬ್ ಗ್ರೂಪ್‌ನ ಫೋಟೊಗಳನ್ನು ಹಂಚಿಕೊಂಡವರು ಭಾನುವಾರ ರಾತ್ರಿಯೊಳಗೆ ಅಡಿಬರಹ ಕಳಿಸಿಕೊಡಿ.

ಮೊದಲು ಬಾಲದ ಸಂಖ್ಯೆ ನೋಡಿ. ಅಲ್ಲಿ ವಿಮಾನದ ಕ್ರಮಸಂಖ್ಯೆಯ ಆರಂಭದಲ್ಲಿರುವ ವರ್ಷದ ಮೊದಲ ಅಂಕಿ ಇರುವುದಿಲ್ಲ: 42-31909 ವಿಮಾನದ ಬಾಲದಲ್ಲಿ 231909 ಎಂದಷ್ಟೇ ಇರುತ್ತದೆ. (ಆ ವಿಮಾನಕ್ಕೆ "ನೈನ್ ಓ ನೈನ್" ಹೆಸರು ಬಂದದ್ದೇ ಆ ಕೊನೆಯ ಮೂರು ಅಂಕಿಗಳಿಂದ.) ಆಮೇಲೆ ವಿಮಾನದ ಒಡಲಿನ ಬದಿಯಲ್ಲಿರುವ ಅಕ್ಷರಗಳು: ಎಲ್‌ಜಿ ಇದ್ದರೆ 322ನೇ ಸ್ಕ್ವಾಡ್ರನ್, ಓಆರ್ 323, ಡಿಎಫ್ 324, ಎಲ್‌ಎಲ್ 401.

ಮೂತಿಯ ಕೆಳಗೆ ಗನ್ ಟರೆಟ್ (ತಿರುಗುವ ಗನ್ ಗೂಡು) ಕಂಡ ಕೂಡಲೇ ಬಿ-17ರ ಜಿ ಮಾದರಿ ಎಂದು ಬರೆದುಬಿಡಬೇಡಿ. ಅದಕ್ಕೂ ಹಿಂದಿನ ಎಫ್ ಮಾದರಿಯ ಕೊನೆಯ ಕೆಲವಕ್ಕೂ ಅದಿತ್ತು. ವಿಮಾನದ ಮೇಲೆ ಅಮೆರಿಕದ ಗುರುತಾದ ನಕ್ಷತ್ರದ ಎರಡೂ ಬದಿ ಬಿಳಿ ಪಟ್ಟಿ ಇದ್ದರೆ ಫೋಟೊ 1943ರ ಜೂನ್ ಕೊನೆಗಿಂತ ಹಳೆಯದಲ್ಲ.

ಹೆಚ್ಚು ಎಡವುವುದು ಸಿಬ್ಬಂದಿಯ ಚಿತ್ರಗಳಲ್ಲೇ. ಹಿಂದಿರುವ ವಿಮಾನ ಅವರದ್ದೇ ಎಂದುಕೊಳ್ಳಬೇಡಿ, ಆ ಹೊತ್ತಿಗೆ ಸಿಕ್ಕ ವಿಮಾನದ ಮುಂದೆ ನಿಂತು ತೆಗೆಸಿಕೊಂಡವೂ ಇವೆ. ಸಾಮಾನ್ಯವಾಗಿ ನಾಲ್ವರು ಅಧಿಕಾರಿಗಳು ಒಂದು ಸಾಲು, ಉಳಿದ ಆರು ಮಂದಿ ಇನ್ನೊಂದು. ಒಂಬತ್ತೇ ಜನ ಇದ್ದರೆ "ಒಬ್ಬರು ಗೈರು" ಎನ್ನಬೇಡಿ; 1944ರಲ್ಲಿ ಪಕ್ಕದ ಕಿಟಕಿಯ ಗನ್ನರ್‌ಗಳಲ್ಲಿ ಒಬ್ಬರನ್ನು ಕಡಿಮೆ ಮಾಡಿದ್ದರು.

ನೆಗೆಟಿವ್ ತಿರುಗುಮುರುಗಾಗಿದೆಯೇ ಎಂದು ಅಕ್ಷರ ಓದಿಯೇ ನಿರ್ಧರಿಸಿ. ಈ ಗ್ರೂಪ್‌ನ "ಮೆಂಫಿಸ್ ಬೆಲ್" ವಿಮಾನದ ಮೂತಿಯ ಎರಡೂ ಬದಿ ಹುಡುಗಿಯ ಚಿತ್ರವಿದೆ: ಎಡಕ್ಕೆ ನೀಲಿ ಉಡುಪು, ಬಲಕ್ಕೆ ಕೆಂಪು. ಕಪ್ಪುಬಿಳುಪಿನಲ್ಲಿ ಆ ಬಣ್ಣ ನಂಬಿ ಕೂರುವಂತಿಲ್ಲ.

ಸ್ಕ್ಯಾನ್ 600 ಡಿಪಿಐ, ಟಿಫ್ ರೂಪದಲ್ಲಿರಲಿ. ಹಿಂಬದಿಯ ಬರಹ, ಮುದ್ರೆಗಳನ್ನೂ ಸ್ಕ್ಯಾನ್ ಮಾಡಿ. ಈ ಚಾಟ್ ಗುಂಪಿನಲ್ಲಿ ಫೋಟೊ ಆಗಿ ಹಾಕಿದರೆ ಕುಗ್ಗಿ ಬಾಲದ ಅಂಕಿಯೇ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಅನುಮಾನವಿದ್ದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಸಾಕು. ಯಾರ ಬಳಿ ಎಷ್ಟು ಬಾಕಿಯಿದೆ ಎಂದು ಇಂದೇ ತಿಳಿಸಿ, ದಯವಿಟ್ಟು.