ಮನೆಯವರಿಲ್ಲದ ದಿನಬಾಡಿಗೆ ಮನೆಗಳಿಗೂ ನಿಯಮ ಬೇಕು: ಮೈಸೂರು ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,
ಮೈಸೂರು ಮಹಾನಗರಪಾಲಿಕೆ.

ಮಾನ್ಯರೇ,

ಗೋಕುಲಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು ಕಡೆಯ ವಾಸದ ಬೀದಿಗಳಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಹೋಗುವ ಮನೆಗಳು ಹೆಚ್ಚುತ್ತಿವೆ. ಇವುಗಳಿಗೆ ಪಾಲಿಕೆಯ ಮಟ್ಟದಲ್ಲಿ ಸ್ಪಷ್ಟ ನಿಯಮಾವಳಿ ರೂಪಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದ ಕಾರಣ, ವಾರ್ಡಿನ ಸದಸ್ಯರಿಗೆ ಹೇಳಬೇಕಾಗಿದ್ದ ಮಾತನ್ನು ನೇರವಾಗಿ ತಮ್ಮ ಮುಂದಿಡುತ್ತಿದ್ದೇನೆ.

ಬರುವ ಅತಿಥಿಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅಷ್ಟಾಂಗ ಯೋಗ ಕಲಿಯಲೆಂದು ಹೊರದೇಶದವರು ಗೋಕುಲಂಗೆ ಬರುತ್ತಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಮಹಡಿಯ ಒಂದೆರಡು ಕೋಣೆಗಳನ್ನು ಅವರಿಗೆ ಕೊಟ್ಟು, ಆ ಬಾಡಿಗೆಯಿಂದ ನಿವೃತ್ತಿಯ ದಿನಗಳನ್ನು ನೆಮ್ಮದಿಯಾಗಿ ಕಳೆಯುತ್ತಿರುವ ಹಿರಿಯರು ನಮ್ಮಲ್ಲಿದ್ದಾರೆ. ಅಂಥ ಮನೆಯಲ್ಲಿ ಗದ್ದಲವಾದರೆ ಕೆಳಗಿರುವ ಮನೆಯವರೇ ಮೆಟ್ಟಿಲೇರಿ ಹೋಗಿ ಹೇಳುತ್ತಾರೆ, ಅಲ್ಲಿಗೆ ಮುಗಿಯುತ್ತದೆ.

ತೊಂದರೆ ಇರುವುದು ಮನೆಯವರೇ ಇಲ್ಲದ ಮನೆಗಳಲ್ಲಿ. ಗೇಟಿನ ಸರಳಿಗೆ ನಂಬರ್ ತಿರುಗಿಸಿ ತೆರೆಯುವ ಪುಟ್ಟ ಪೆಟ್ಟಿಗೆಯೊಂದು ನೇತಾಡುತ್ತಿರುತ್ತದೆ, ಅದರೊಳಗೆ ಬೀಗದಕೈ. ಅತಿಥಿಗೆ ನಂಬರು ಮೊಬೈಲಿಗೆ ಬರುತ್ತದೆ. ಯಾರು ಬಂದರು, ಎಷ್ಟು ಜನ ಬಂದರು, ಯಾವಾಗ ಹೋದರು ಎಂಬುದನ್ನು ಕಣ್ಣಾರೆ ನೋಡುವವರು ಯಾರೂ ಇರುವುದಿಲ್ಲ. ಮಾಲೀಕರು ಬೇರೆ ಊರಿನಲ್ಲಿರುತ್ತಾರೆ. ವಾರಾಂತ್ಯದ ಅತಿಥಿಗಳು ಹೊರಟ ಮೇಲೆ ಹಸಿ ಕಸ, ಬಾಟಲಿ, ಊಟದ ಪಾರ್ಸೆಲ್ ಡಬ್ಬಿಗಳನ್ನೆಲ್ಲ ಒಂದೇ ಚೀಲದಲ್ಲಿ ಕಟ್ಟಿ ಗೇಟಿನ ಹೊರಗಿಟ್ಟಿರುತ್ತಾರೆ. ಸೋಮವಾರ ಬೆಳಿಗ್ಗೆ ಅದನ್ನು ಬಿಚ್ಚಿ ಬರಿಗೈಯಲ್ಲಿ ಬೇರ್ಪಡಿಸುವವರು ನಮ್ಮ ಪೌರಕಾರ್ಮಿಕರು. ಸ್ವಚ್ಛ ನಗರವೆಂಬ ಹೆಸರನ್ನು ಮೈಸೂರಿಗೆ ತಂದುಕೊಟ್ಟವರನ್ನು ಹೀಗೆ ನಡೆಸಿಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಹೋಂಸ್ಟೇ ಎಂಬ ವ್ಯವಸ್ಥೆಯ ತಿರುಳೇ ಮನೆಯವರು ಅಲ್ಲಿ ವಾಸವಿರಬೇಕು ಎಂಬುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಕೊಠಡಿಗಳು ಆರು, ಹಾಸಿಗೆಗಳು ಹನ್ನೆರಡು ಮೀರುವಂತಿಲ್ಲ, ಮತ್ತು ಮಾಲೀಕರ ಕುಟುಂಬ ಅದೇ ಮನೆಯಲ್ಲಿರಬೇಕು. ಹಾಗಿರುವಾಗ ಖಾಲಿ ಮನೆಯೊಂದನ್ನು ಇಡಿಯಾಗಿ ದಿನಕ್ಕೊಬ್ಬರಿಗೆ ಕೊಡುವುದನ್ನು ಹೋಂಸ್ಟೇ ಎಂದು ಕರೆಯುವುದು ಹೇಗೆ? ಅದು ಬೋರ್ಡಿಲ್ಲದ ಲಾಡ್ಜ್. ಲಾಡ್ಜ್ ನಡೆಸುವವರು ಉದ್ದಿಮೆ ಪರವಾನಗಿ ಪಡೆದು, ರಿಜಿಸ್ಟರ್ ಇಟ್ಟು, ವಾಣಿಜ್ಯ ದರದ ತೆರಿಗೆ ಕಟ್ಟುತ್ತಿರುವಾಗ, ಅದೇ ವ್ಯವಹಾರ ವಾಸದ ಮನೆಯ ಹೆಸರಿನಲ್ಲಿ ನಡೆಯುವುದು ನ್ಯಾಯವಲ್ಲ. ವಿದೇಶಿಯರನ್ನು ಇಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬ ಕಾನೂನು ಎಲ್ಲರಿಗೂ ಒಂದೇ. ಆದರೆ ಮನೆಯ ಲೆಕ್ಕವೇ ಯಾರ ಬಳಿಯೂ ಇಲ್ಲದಿದ್ದರೆ ಅದರ ಪಾಲನೆಯನ್ನು ಪರಿಶೀಲಿಸುವುದು ಕಷ್ಟ.

ಆದ್ದರಿಂದ ದಿನಬಾಡಿಗೆಗೆ ಕೊಡುವ ಪ್ರತಿ ಮನೆಗೂ ಪಾಲಿಕೆಯ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆ ಗೇಟಿನ ಮೇಲೂ, ಬುಕಿಂಗ್ ಜಾಲತಾಣದ ಜಾಹೀರಾತಿನಲ್ಲೂ ಕಾಣಬೇಕು. ಮಾಲೀಕರು ಅಲ್ಲಿ ವಾಸವಿಲ್ಲದಿದ್ದರೆ, ಕರೆದ ಅರ್ಧ ಗಂಟೆಯಲ್ಲಿ ಬಂದು ನಿಲ್ಲಬಲ್ಲ ಸ್ಥಳೀಯ ಹೊಣೆಗಾರರೊಬ್ಬರ ಹೆಸರು, ದೂರವಾಣಿ ಸಂಖ್ಯೆ ವಲಯ ಕಚೇರಿಯಲ್ಲಿ ದಾಖಲಾಗಿರಬೇಕು. ನೋಂದಣಿ ಇಲ್ಲದ ಮನೆಯನ್ನು ಜಾಲತಾಣದಿಂದ ತೆಗೆಸುವುದು ಅಸಾಧ್ಯವೇನಲ್ಲ. ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಮಾಲೀಕರ ಬಾಡಿಗೆಯ ಮೇಲಿನ ತೆರಿಗೆಯನ್ನು ಈಗಲೂ ಈ ಜಾಲತಾಣಗಳೇ ಕಟ್ಟಬೇಕಾಗಿದೆ, ಅಂದರೆ ಯಾವ ಮನೆಗೆ ಎಷ್ಟು ಬುಕಿಂಗ್ ಆಯಿತೆಂಬ ಲೆಕ್ಕ ಅವುಗಳಲ್ಲಿದೆ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ನೋಂದಣಿಯಿಲ್ಲದ ಮನೆಗಳ ಇಂಥ ಬುಕಿಂಗ್ ವ್ಯವಹಾರಕ್ಕೇ ತಡೆ ಹಾಕಿದೆ. ಪ್ರವಾಸಿ ಫ್ಲಾಟುಗಳ ಪರವಾನಗಿಯನ್ನೇ 2028ರೊಳಗೆ ಕೊನೆಗಾಣಿಸಲು ಹೊರಟ ಬಾರ್ಸಿಲೋನಾದಷ್ಟು ದೂರ ನಾವು ಹೋಗಬೇಕಾಗಿಲ್ಲ.

ನಮ್ಮ ರಾಜ್ಯದಲ್ಲೇ ಮಾದರಿಯೊಂದಿದೆ. ಬೆಂಗಳೂರಿನಲ್ಲಿ 2024ರ ಆಗಸ್ಟ್‌ನಲ್ಲಿ ಪಿ.ಜಿ.ಗಳಿಗೆ (ಪೇಯಿಂಗ್ ಗೆಸ್ಟ್ ವಸತಿಗಳಿಗೆ) ಮಾರ್ಗಸೂಚಿ ಬಂತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, 90 ದಿನಗಳ ಸಿಸಿಟಿವಿ ದಾಖಲೆ. ತಿಂಗಳುಗಟ್ಟಲೆ ಇರುವವರ ಮನೆಗೆ ಇಷ್ಟು ನಿಯಮ ಸಾಧ್ಯವಾದರೆ ದಿನಕ್ಕೊಬ್ಬರು ಬದಲಾಗುವ ಮನೆಗೆ ಏಕೆ ಸಾಧ್ಯವಿಲ್ಲ?

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಾವೇ ವಾಸವಿದ್ದು ಒಂದೆರಡು ಕೋಣೆ ಕೊಡುವವರ ಮೇಲೆ ದೊಡ್ಡ ಶುಲ್ಕವನ್ನೂ ಹತ್ತು ಕಚೇರಿಗಳ ಅಲೆದಾಟವನ್ನೂ ಹೇರಿದರೆ, ಅವರು ಕೈಬಿಡುತ್ತಾರೆ. ಹತ್ತಾರು ಮನೆ ಗುತ್ತಿಗೆಗೆ ಹಿಡಿದವರು ಮಾತ್ರ ಏಜೆಂಟರನ್ನಿಟ್ಟುಕೊಂಡು ಉಳಿಯುತ್ತಾರೆ. ಅಂಥ ಸಣ್ಣ ಮನೆಗಳಿಗೆ ಒಂದು ಪುಟದ ಅರ್ಜಿ, ನಾಮಮಾತ್ರದ ಶುಲ್ಕ ಸಾಕು.

ದಸರಾದಲ್ಲಿ ಊರೆಲ್ಲ ಕೋಣೆ ಹುಡುಕುವಾಗ ಈ ಮನೆಗಳ ಸಂಖ್ಯೆ ಇನ್ನೂ ಏರುತ್ತದೆ. ಅದಕ್ಕೆ ಮೊದಲೇ ಕರಡು ನಿಯಮಗಳನ್ನು ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ವಲಯ ಕಚೇರಿಯಲ್ಲಿ ಒಂದು ಸಂಜೆ ನಿವಾಸಿಗಳು, ಮನೆ ಮಾಲೀಕರು, ಲಾಡ್ಜ್‌ನವರು ಮತ್ತು ಪೌರಕಾರ್ಮಿಕರ ಅಭಿಪ್ರಾಯ ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗೋಕುಲಂ ನಿವಾಸಿ, ಮೈಸೂರು