ರಾತ್ರಿ ಪಾಳಿಯ ನಾಯಿಗಳು

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ಅಲಾಸ್ಕಾದ ಆ ಇಡಿಟರಾಡ್ ನಾಯಿಬಂಡಿ ಓಟದ ಗಲಾಟೆ, ಪುಟ್ಟ ವಿಮಾನದ ಪ್ರಯಾಣ ಎಲ್ಲ ಓದಿ ಖುಷಿಪಟ್ಟೆ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, 'ಓಟದ ದಾರಿಯ ಉನಲಕ್ಲೀಟ್‌ನಲ್ಲಿ ನಾಯಿ ಕಾಯುವ ರಾತ್ರಿ ಪಾಳಿ ನನ್ನದು, ಡೊರಾಡೊಗೆ ಆದ ಹಾಗೆ ನನ್ನ ಕಾವಲಿನಲ್ಲೇ ಆದರೆ?' ಅಂತ. ಅದನ್ನು ಓದಿದ ಮೇಲೆ ಬಾಕಿ ಎಲ್ಲ ಮರೆತೇ ಹೋಯಿತು.

ಡೊರಾಡೊ ಯಾರು ಅಂತ ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆ ಹುಡುಗನ ಫೋನಿನಲ್ಲಿ ಹುಡುಕಿಸಿದೆ. 2013ರ ಮಾರ್ಚ್. ಓಟದಿಂದ ಬಿಡಿಸಿ ಅದೇ ಉನಲಕ್ಲೀಟ್‌ನಲ್ಲಿ ಕಟ್ಟಿದ್ದ ನಾಯಿ. ಬಿರುಗಾಳಿ ತಂದು ಸುರಿದ ಹಿಮದಡಿ ಉಸಿರುಕಟ್ಟಿ ಸತ್ತಿತು. ಓಡಿ ಸತ್ತದ್ದಲ್ಲ, ಇನ್ನು ಓಡುವುದು ಬೇಡ ಅಂತ ಬಿಟ್ಟ ಮೇಲೆ ಸತ್ತದ್ದು. ನಿನಗೆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಹೆದರಬೇಡ ಅಂತ ಬರೆಯಲು ಕೂತವನಿಗೆ ಕೈ ಓಡಲಿಲ್ಲ. ಆ ನಾಯಿಗಳು ಬಾಲದಡಿ ಮೂತಿ ಇಟ್ಟು, ಮುದುಡಿಕೊಂಡು ಮಲಗುತ್ತವಂತೆ. ಮೇಲೆ ಹಿಮ ಬಿದ್ದರೂ ಏಳುವುದಿಲ್ಲ, ಅದೇ ಅವಕ್ಕೆ ಬೆಚ್ಚಗೆ. ಹಾಗಾದರೆ ಕಾವಲಿನವಳಿಗೆ ಏನು ತಿಳಿಯಬೇಕು ಹೇಳು? ಸುಖವಾಗಿ ಮಲಗಿದ್ದೂ ಬಿಳಿ ಗುಡ್ಡೆ, ಸಂಕಟಪಡುತ್ತಿರುವುದೂ ಬಿಳಿ ಗುಡ್ಡೆ. ದೂರದಿಂದ ಟಾರ್ಚ್ ಬಿಟ್ಟು ನೋಡಿ ಬರಬೇಡ ಮಗಾ. ಬಗ್ಗಿ ಹಿಮ ಸರಿಸು, ಮೂತಿಯ ಹತ್ತಿರ ಕೈ ಇಟ್ಟು ಉಸಿರು ನೋಡು. ಆ ಚಳಿಯಲ್ಲಿ ಗ್ಲೌಸ್ ತೆಗೆಯಬಹುದೋ ಇಲ್ಲವೋ, ನನಗೇನು ಗೊತ್ತು. ಅಲ್ಲಿಯ ಡಾಕ್ಟರನ್ನು ಕೇಳು.

ನಮ್ಮಲ್ಲಿ ಕಂಬಳದ ಕೋಣಗಳಿದ್ದಾಗ ಹಟ್ಟಿಯಲ್ಲಿ ಮಲಗುತ್ತಿದ್ದವನು ನಾನು. ಓಡಿಸುವವರು ಬೇರೆ, ಫೋಟೋ ಅವರದ್ದೇ. ನನ್ನದು ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ಹಗ್ಗ ಹಿಡಿಯುವುದು. ಕಾಳ ಅನ್ನುವ ಕೋಣ ರಾತ್ರಿ ಒಮ್ಮೆ ಬುಸ್ ಅಂದರೂ ನಿದ್ದೆಯಲ್ಲಿ ಕೇಳಿಸುತ್ತಿತ್ತು. ಆಮೇಲೆ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದೆ. ಕಾಳ ಸತ್ತ ಸುದ್ದಿ ಕಾಗದದಲ್ಲಿ ಬಂತು, ಅದೂ ತಡವಾಗಿ. ನಾನಿದ್ದಿದ್ದರೆ ಉಳಿಯುತ್ತಿತ್ತು ಅಂತ ಎಷ್ಟೋ ವರ್ಷ ಅಂದುಕೊಂಡೆ. ಉಳಿಯುತ್ತಿರಲಿಲ್ಲವೇನೋ. ಅಪ್ಪ ಪಕ್ಕದಲ್ಲೇ ಇದ್ದರಲ್ವಾ. ಆ ರಾತ್ರಿ ಏನಾಯಿತು ಅಂತ ಅವರ ಹತ್ತಿರ ಕೇಳಬೇಕು ಅಂತಿತ್ತು. ಅವರು ಹೋಗುವವರೆಗೂ ಬಾಯಿ ಬರಲಿಲ್ಲ.

ನೋಡು, ಎಲ್ಲಿಗೋ ಹೋದೆ. ನಿನ್ನ ಮಾತು ಇನ್ನೂ ಕೊರೆಯುತ್ತಿದೆ. 'ನಿದ್ದೆ ಬಂದುಬಿಟ್ಟರೆ' ಅಂತ ನೀನು ಬರೆದಿಲ್ಲ, ಆದರೂ ನನಗೆ ಅದೇ ಕಾಣಿಸಿತು. ಬಂದೇ ಬರುತ್ತದೆ. ಇಡೀ ರಾತ್ರಿ ಒಬ್ಬಳೇ ಒಪ್ಪಿಕೊಳ್ಳಬೇಡ. ಪಾಳಿ ಬದಲಿಸುವಾಗ ಬರುವವರ ಜೊತೆ ನಾಯಿ ಕಟ್ಟಿದ ಚೈನಿನ ಸಾಲನ್ನು ತುದಿಯಿಂದ ತುದಿಗೆ ನಡೆದು ಎಣಿಸು. ಒಣಹುಲ್ಲು ಒದ್ದೆಯಾಗಿದ್ದರೆ ಬದಲಿಸು. ಇದೆಲ್ಲ ಅವರು ಹೇಳಿಕೊಟ್ಟೇ ಇರುತ್ತಾರೆ, ಗೊತ್ತು.

ಡೊರಾಡೊ ಸತ್ತ ಮೇಲೆ ಉನಲಕ್ಲೀಟ್, ಅದೇ ದಾರಿಯ ಮೆಗ್ರಾತ್ ಊರು, ಎರಡೂ ಕಡೆ ನಾಯಿಗಳಿಗೆ ಗೂಡು ಮಾಡಿದರಂತೆ, ಸುತ್ತು ಹಾಕಿ ನೋಡುವುದನ್ನೂ ಜಾಸ್ತಿ ಮಾಡಿದರಂತೆ. ಅದನ್ನು ಓದಿ ನನಗೆ ಸ್ವಲ್ಪ ಉಸಿರು ಬಂತು. ಸ್ವಲ್ಪವೇ. ಬೇರಿಂಗ್ ಕಡಲಿನ ದಂಡೆಯ ಊರದು, ಗಾಳಿ ಹೇಳಿಕೇಳಿ ಬರುವುದಿಲ್ಲ. ಎಷ್ಟು ಗೂಡು ಖಾಲಿ ಇವೆ ಅಂತ ಸಂಜೆಯೇ ವಿಚಾರಿಸಿಟ್ಟುಕೋ. ಅನುಮಾನ ಬಂದರೆ ಡಾಕ್ಟರನ್ನು ಎಬ್ಬಿಸು. ಬೈದರೆ ಬೈಯಲಿ.

ಅಕ್ಕನಿಗೆ ಈ ಸುದ್ದಿ ಹೇಳಿಲ್ಲ. ನೀನು ಆಂಕರೇಜ್‌ನಲ್ಲೇ ಕೂತು ಊಟ ಬಡಿಸುವ ಕೆಲಸ ಮಾಡುತ್ತಿದ್ದೀಯ ಅಂದುಕೊಂಡಿದ್ದಾಳೆ. ಕೊನೆಯ ಬಂಡಿ ಓಟ ಮುಗಿಯುವ ನೋಮ್ ಮುಟ್ಟಿದ ಮೇಲೆ ನೀನೇ ಫೋನ್ ಮಾಡಿ ಹೇಳು. ಬೈಗುಳದಲ್ಲಿ ನನಗೂ ಪಾಲಿರುತ್ತದೆ.

ನಿನ್ನ ಮಾವ